ಬಾವಿಯ ಕೊಡ, ಕನೂವಿನ ಗಾಳಿಚೀಲ

ಬಾವಿಯಿಂದ ನೀರು ಸೇದಿದವರಿಗೆಲ್ಲ ಇದು ಗೊತ್ತು: ತುಂಬಿದ ಕೊಡ ನೀರೊಳಗೆ ಇರುವ ತನಕ ಹಗ್ಗ ಹಗುರ, ಅದರ ತಳ ನೀರು ಬಿಟ್ಟು ಮೇಲೆದ್ದೊಡನೆ ತೋಳು ಜಗ್ಗುತ್ತದೆ. ನೀರಿನೊಳಗಿನ ನೀರಿಗೆ ತೂಕವಿಲ್ಲ ಎಂಬುದು ಅಲ್ಲಿಂದ ಬಂದ ಪಾಠ. ಆದರೆ ಅದು ಅರ್ಧ ಪಾಠ. ಅದೇ ಕೊಡವನ್ನು ನೀರೊಳಗೇ ಪಕ್ಕಕ್ಕೆ ಫಕ್ಕನೆ ಎಳೆದು ನೋಡಿ, ಜಪ್ಪಯ್ಯ ಎಂದರೂ ಬೇಗ ಕದಲುವುದಿಲ್ಲ. ತೂಕ ಮಾಯವಾದರೂ ದ್ರವ್ಯರಾಶಿ ಎಲ್ಲಿಗೂ ಹೋಗಿಲ್ಲ.

ನೊರೆಯೆದ್ದು ಹರಿಯುವ ನದಿಗಳಿಗೆ ಇಳಿಸುವ ತೆರೆದ ಕನೂವಿನ (ಹುಟ್ಟು ಹಾಕಿ ನಡೆಸುವ, ಉದ್ದನೆಯ ಕಿರಿದಾದ ದೋಣಿ) ಎರಡೂ ತುದಿಗಳಲ್ಲಿ ಉಬ್ಬಿದ ಗಾಳಿಚೀಲಗಳನ್ನು ತುಂಬಿರುತ್ತಾರೆ. ದೋಣಿ ಮುಳುಗದಿರಲಿ ಎಂದು, ಎನ್ನುತ್ತಾರೆ ಬಹಳ ಜನ. ಈ ವಿವರಣೆ ಕೇಳಿದಾಗಲೆಲ್ಲ ನನಗೆ ಸಹನೆ ತಪ್ಪುತ್ತದೆ. ರಾಯಲೆಕ್ಸ್‌ನಂಥ, ಒಡಲಲ್ಲೇ ಫೋಮಿನ ಪದರವಿರುವ ಪ್ಲಾಸ್ಟಿಕ್ ವಸ್ತುವಿನ ದೋಣಿ ನೀರು ತುಂಬಿದರೂ ತಳ ಸೇರುವುದಿಲ್ಲ. ಚೀಲದ ಕೆಲಸ ಜಾಗ ಹಿಡಿಯುವುದು. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ನೀರು ಬಂದು ಕೂರುವ ಮೊದಲೇ ಅಲ್ಲಿ ಗಾಳಿ ಕೂತಿರುತ್ತದೆ. ದೋಣಿ ಎತ್ತರದಲ್ಲಿ ತೇಲುವುದು ಅದೇ ಕೆಲಸದ ಇನ್ನೊಂದು ಮುಖ.

ಮೂರೂವರೆ ಮೀಟರ್ ಉದ್ದದ ಕನೂ 500 ಲೀಟರ್ ನೀರು ಹಿಡಿಯಿತೆನ್ನಿ. ಅಂದರೆ 500 ಕಿಲೋ, ಬಲಿತ ಕೋಣದಷ್ಟು. ತೇಲುವ ಕೋಣಕ್ಕೆ ತೂಕವಿಲ್ಲ, ನಿಜ. ಆದರೆ ಅದು ಬಂಡೆಯ ಕಡೆ ಹೊರಟಾಗ ನಡುವೆ ನಿಂತು ತಡೆಯುವವರಾರು? ಚೀಲಗಳು 350 ಲೀಟರ್ ಜಾಗ ಹಿಡಿದರೆ ಉಳಿಯುವುದು 150 ಕಿಲೋ, ಹುಟ್ಟಿಗೆ ಬಗ್ಗುವ ಭಾರ. ನೀರು ಪರಾತದಲ್ಲಿ ತುಳುಕುವಂತೆ ಅತ್ತಿತ್ತ ಓಡಿ ದೋಣಿಯನ್ನು ವಾಲಿಸುವುದೂ ತಗ್ಗುತ್ತದೆ.

ಗಾಳಿಯನ್ನು ಚರ್ಮದೊಳಗೆ ಕಟ್ಟುವ ಉಪಾಯ ತೀರ ಹಳೆಯದು. ಈಗಿನ ಇರಾಕಿನಲ್ಲಿರುವ ನಿಮ್ರುದ್‌ನ ಕ್ರಿ.ಪೂ. 9ನೇ ಶತಮಾನದ ಅರಮನೆಯ ಶಿಲಾಫಲಕವೊಂದು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಊದಿದ ಚರ್ಮದ ಚೀಲಗಳನ್ನು ತಬ್ಬಿಕೊಂಡು ನದಿ ಈಜುವವರನ್ನು ಕಾಣಬಹುದು. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ಆ ಸಾಲಿನವರೇ. ಅಲ್ಲೆಲ್ಲ ಗಾಳಿ ಮನುಷ್ಯನನ್ನು ಎತ್ತುತ್ತದೆ, ಕನೂವಿನಲ್ಲಿ ನೀರನ್ನು ಹೊರಗಿಡುತ್ತದೆ. ಎರಡಕ್ಕೂ ಆಧಾರ ಆರ್ಕಿಮಿಡೀಸನ ಒಂದೇ ನಿಯಮ: ವಸ್ತು ಎಷ್ಟು ನೀರನ್ನು ಸರಿಸುತ್ತದೋ ಆ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ.

ಆ ನಿಯಮ ಚೀಲವನ್ನೂ ಬಿಡುವುದಿಲ್ಲ. ಮುಳುಗಿದ 150 ಲೀಟರಿನ ಚೀಲ ಸುಮಾರು 150 ಕಿಲೋದಷ್ಟು ಬಲದಿಂದ ಮೇಲಕ್ಕೆ ಚಿಮ್ಮಲು ನೋಡುತ್ತದೆ. ಅದಕ್ಕಾಗಿಯೇ ದೋಣಿಯಂಚಿನ ತೂತುಗಳ ನಡುವೆ ಹಗ್ಗದ ಮಂಚದ ಹುರಿಯಂತೆ ಹೆಣಿಗೆ ಹಾಕುತ್ತಾರೆ.

ಚೀಲದ ಜೊತೆ ಇಂಥ ಕನೂವಿನಲ್ಲಿ ಕಾಣುವ ಇನ್ನೊಂದು ಸಲಕರಣೆ ತೊಡೆಪಟ್ಟಿ. ಕನೂವಿನಲ್ಲಿ ಮಂಡಿಯೂರಿ ಕುಳಿತವನು ಸೊಂಟ ತಿರುಗಿಸಿ ದೋಣಿಯ ಒಂದು ಬದಿಯನ್ನು ಎತ್ತಬೇಕು. ಪಟ್ಟಿ ಇಲ್ಲದಿದ್ದರೆ ಮಂಡಿ ಮಾತ್ರ ಮೇಲೇಳುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ. ಸಡಿಲ ಚಪ್ಪಲಿ ಮೆಟ್ಟಿ ಓಡಿದ ಹಾಗೆ. ತಳಕ್ಕೆ ಅಂಟಿಸಿದ ಉಂಗುರಗಳಿಂದ ಬಂದು ತೊಡೆಯನ್ನು ಅಡ್ಡಹಾಯುವ ಪಟ್ಟಿ ದೇಹವನ್ನೂ ದೋಣಿಯನ್ನೂ ಒಂದು ಮಾಡುತ್ತದೆ. ಕಟ್ಟಿಕೊಂಡರೆ ಸಿಕ್ಕಿಬೀಳುವ ಭಯ ಹುರುಳಿಲ್ಲದ್ದಲ್ಲ. ಆದ್ದರಿಂದ ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ ಬೇಕು, ಮಗುಚಿ ಹೊರಬರುವುದನ್ನು ನಿಂತ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು.

ಮತ್ತೆ ಚೀಲಕ್ಕೆ ಬರೋಣ. ಅಮೆರಿಕದ ನಾರ್ತ್ ಕ್ಯಾರೊಲಿನಾದ ನಾಂಟಹಾಲಾ ನದಿಯ ನೀರು ಮೇಲಿನ ಜಲಾಶಯದಿಂದ ಬರುವುದರಿಂದ ಬೇಸಿಗೆಯಲ್ಲೂ ಕೊರೆಯುತ್ತದೆ. 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಊದಿದ 100 ಲೀಟರ್ ಗಾಳಿ 10 ಡಿಗ್ರಿಗೆ ತಣಿದರೆ ಸುಮಾರು 92 ಲೀಟರಿಗೆ ಕುಗ್ಗುತ್ತದೆ. ದಡದಲ್ಲಿ ತಮಟೆಯಂತೆ ಬಿಗಿದಿದ್ದ ಚೀಲ ಹೆಬ್ಬೆರಳಿಗೆ ಮೆತ್ತಗಾಗುತ್ತದೆ. ಆಗ ಕೊಳವೆಗೆ ಬಾಯಿಟ್ಟು, ಹುರಿಗಳು ಕಿರುಗುಟ್ಟುವ ತನಕ ಮತ್ತೆ ಊದಬೇಕು. ಸಂಜೆ ದೋಣಿಯನ್ನು ಬಿಸಿಲಿಗೆ ಎಳೆದೊಡನೆ ಗಾಳಿ ಬಿಡಬೇಕು; ಮರೆತರೆ ಚೀಲದ ಬೆಸುಗೆ ಬಿರಿಯಬಹುದು.