ಆಂಟಿ ಹೀರೋಯಿನ್ ಎಂದರೆ ಯಾರು? ನಿಷ್ಠೆಯಿಂದಲೇ ತಪ್ಪು ಮಾಡುವ ಹೆಣ್ಣು

ಕಥೆ ಅವಳದೇ. ಓದುವವರ ಕಣ್ಣು ಮೊದಲಿಂದ ಕೊನೆಯವರೆಗೂ ಅವಳ ಹಿಂದೆಯೇ ಹೋಗುತ್ತದೆ. ಆದರೆ ಅವಳು ಸುಳ್ಳು ಹೇಳುತ್ತಾಳೆ, ಹಟ ಹಿಡಿಯುತ್ತಾಳೆ, ಯಾರದೋ ಬದುಕಿಗೆ ಕಲ್ಲು ಹಾಕುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ಅವಳನ್ನು ಬಿಟ್ಟುಕೊಡಲು ನಮಗೆ ಮನಸ್ಸು ಬರುವುದಿಲ್ಲ. ಇಂಥ ಪಾತ್ರವನ್ನು ಆಂಟಿ ಹೀರೋಯಿನ್ ಎನ್ನುತ್ತಾರೆ. ಧಾರಾವಾಹಿಯ ವಿಲನ್ ಅತ್ತೆ ಈ ಗುಂಪಿಗೆ ಸೇರುವುದಿಲ್ಲ. ಅವಳು ಸೊಸೆಯ ಕಥೆಗೆ ಅಡ್ಡ ನಿಲ್ಲಲು ಬಂದವಳು. ಆಂಟಿ ಹೀರೋಯಿನ್‌ಗೆ ನಾಯಕಿಯ ಜಾಗ ಇರುತ್ತದೆ, ನಾಯಕಿಯ ಗುಣ ಇರುವುದಿಲ್ಲ.

ಇವರಲ್ಲೂ ಬಗೆಗಳಿವೆ. ದುಡ್ಡಿನ ಹಿಂದೆ ಬಿದ್ದವಳು, ಸೇಡು ತೀರಿಸಿಕೊಳ್ಳಲು ಹೊರಟವಳು, ಅಧಿಕಾರದ ರುಚಿ ಹತ್ತಿದವಳು. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆ. ಒಳಗೊಳಗೇ ಬೆಂದವಳು, ಆದರೆ ತನ್ನವರು ಅಂದುಕೊಂಡವರಿಗಾಗಿ ಏನು ಬೇಕಾದರೂ ಮಾಡುವವಳು.

ಇವಳ ಬಗ್ಗೆ ಸಾಮಾನ್ಯವಾಗಿ ಹೇಳುವುದು ಹೀಗೆ: ತಪ್ಪು ಮಾಡಿದ್ದಾಳೆ ನಿಜ, ಆದರೆ ಪಾಪ, ನಿಷ್ಠೆ ದೊಡ್ಡದು. ತಪ್ಪಿಗೂ ನಿಷ್ಠೆಗೂ ಬೇರೆ ಬೇರೆ ಲೆಕ್ಕ ಬರೆದು, ಕೊನೆಗೆ ಕೂಡಿ ಕಳೆದು ಅವಳಿಗೆ ಪಾಸ್ ಮಾರ್ಕು ಕೊಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಈ ಪಾತ್ರದಲ್ಲಿ ಎರಡೂ ಬೇರೆ ಇರುವುದೇ ಇಲ್ಲ. ಅವಳ ತಪ್ಪು ಹುಟ್ಟುವುದೇ ಅವಳ ನಿಷ್ಠೆಯಿಂದ. ಬೇಕಾದರೆ ಕಥೆಯಿಂದ ನಿಷ್ಠೆಯನ್ನು ತೆಗೆದು ನೋಡಿ. ತಪ್ಪೂ ಅದರ ಜೊತೆಗೇ ಹೋದರೆ ಅವಳು ಈ ಬಗೆಯವಳು. ನಿಷ್ಠೆ ಹೋದ ಮೇಲೂ ತಪ್ಪು ಹಾಗೇ ಉಳಿದರೆ ಅವಳು ವಿಲನ್. ನಾಯಿ ಸಾಕಿದ್ದಾಳೆ, ಮಗನನ್ನು ಮುದ್ದು ಮಾಡುತ್ತಾಳೆ ಅನ್ನುವುದೆಲ್ಲ ಸುಮ್ನೆ ಅಲಂಕಾರ.

ಮೈಸೂರು, ಮಂಡ್ಯದವರು ಇದಕ್ಕೆ ದೂರ ಹುಡುಕಬೇಕಿಲ್ಲ. ನಮ್ಮಲ್ಲಿ ಅಲಮೇಲಮ್ಮ ಇದ್ದಾಳೆ. ವಿಜಯನಗರದ ಪ್ರತಿನಿಧಿಯ ಕೈಯಲ್ಲಿದ್ದ ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ಪಾಲಾಯಿತು. ಇಷ್ಟು ಚರಿತ್ರೆ. ಇದರ ಸುತ್ತ ಜನ ಹೇಳಿಕೊಂಡು ಬಂದ ಕಥೆಯಲ್ಲಿ, ಕಾಯಿಲೆ ಬಿದ್ದ ಆ ಪ್ರತಿನಿಧಿ ತಲಕಾಡಿಗೆ ಹೋಗಿ ಅಲ್ಲೇ ತೀರಿಕೊಳ್ಳುತ್ತಾನೆ. ಹೆಂಡತಿ ಅಲಮೇಲಮ್ಮ ಹತ್ತಿರದ ಮಾಲಂಗಿಯಲ್ಲಿ ಇರುತ್ತಾಳೆ. ಅವಳ ಹತ್ತಿರ ಒಡವೆಗಳಿವೆ. ಮಂಗಳವಾರ, ಶುಕ್ರವಾರ ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು. ಅವನ್ನು ಒಪ್ಪಿಸು ಎಂದು ಹೊಸ ದೊರೆಯ ಕಡೆಯವರು ಬರುತ್ತಾರೆ. ಅವಳು ಒಡವೆ ಕಟ್ಟಿಕೊಂಡು ಕಾವೇರಿಗೆ ಹಾರುತ್ತಾಳೆ. ಹಾರುವ ಮುಂಚೆ ಹಾಕಿದ ಶಾಪ ಈ ಸೀಮೆಯಲ್ಲಿ ಮಕ್ಕಳಿಗೂ ಬಾಯಿಪಾಠ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.

ಈ ಕಥೆ ಕೇಳಿದವರೆಲ್ಲ ಅವಳ ಪರವೇ. ಗಂಡ ಸತ್ತಿದ್ದಾನೆ, ರಾಜ್ಯ ಹೋಗಿದೆ, ಕೊನೆಗೆ ಉಳಿದದ್ದನ್ನೂ ಕೇಳಲು ಬಂದಿದ್ದಾರೆ. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಶಾಪವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ದೊರೆಯ ಮೇಲೆ ಸಿಟ್ಟು, ಸರಿ. ತಲಕಾಡಿನವರು ಏನು ಮಾಡಿದ್ದರು? ಅವಳ ಗಂಡನ ಕೊನೆಗಾಲಕ್ಕೆ ನೆರಳು ಕೊಟ್ಟ ಊರು ಅದು. ಮಾಲಂಗಿ ಅವಳಿಗೇ ಆಸರೆ ಕೊಟ್ಟ ಊರು. ಇನ್ನು ಹುಟ್ಟಬಾರದೆಂದು ಅವಳು ಶಪಿಸಿದ ಮಕ್ಕಳಿಗೆ ಈ ಜಗಳದ ಗಂಧಗಾಳಿಯೂ ಇರಲಿಲ್ಲ. ಮೂರು ಶಾಪಗಳಲ್ಲಿ ಎರಡು ನೇರವಾಗಿ ನಿರಪರಾಧಿಗಳ ತಲೆಯ ಮೇಲೆ ಬೀಳುತ್ತವೆ, ಮೂರನೆಯದು ಬಹುಪಾಲು ಹಾಗೇ.

ಈಗ ನಿಷ್ಠೆಯನ್ನು ತೆಗೆದು ನೋಡಿ. ಗಂಡನ ಮನೆತನದ ಮೇಲೆ, ದೇವಿಗೆ ತೊಡಿಸಿದ ಒಡವೆಯ ಮೇಲೆ ಅವಳಿಗೆ ಅಷ್ಟು ಕಟ್ಟುಪಾಡು ಇಲ್ಲದಿದ್ದರೆ ಗಂಟು ಒಪ್ಪಿಸಿ ಎಲ್ಲಾದರೂ ಬದುಕಿಕೊಳ್ಳುತ್ತಿದ್ದಳು. ಶಾಪ ಇರುತ್ತಿರಲಿಲ್ಲ. ತಲಕಾಡಿನ ಗುಡಿಗಳನ್ನು ಮರಳು ಮುಚ್ಚಿದ್ದಕ್ಕೆ ನದಿಯ ಹರಿವು, ಗಾಳಿಯ ದಿಕ್ಕು ಎಂದು ಭೂವಿಜ್ಞಾನದವರು ಬೇರೆ ಕಾರಣ ಹೇಳುತ್ತಾರೆ, ಅದು ಬೇರೆ ಮಾತು. ನನಗೆ ಮುಖ್ಯ ಅನ್ನಿಸುವುದು ಅರಮನೆಯವರು ಮಾಡಿದ ಕೆಲಸ. ವಂಶಕ್ಕೇ ಶಾಪ ಹಾಕಿದವಳ ವಿಗ್ರಹ ಇಟ್ಟು ಅವರು ಪೂಜೆ ಮಾಡಿಕೊಂಡು ಬಂದರು. ಅವಳನ್ನು ಕೆಟ್ಟವಳು ಅನ್ನಲಿಲ್ಲ, ಶಾಪ ಸರಿಯಿತ್ತು ಎಂದೂ ಒಪ್ಪಲಿಲ್ಲ. ಆಂಟಿ ಹೀರೋಯಿನ್ ಮುಂದೆ ಓದುಗ ನಿಲ್ಲುವುದೂ ಹೆಚ್ಚುಕಡಿಮೆ ಇದೇ ಭಂಗಿಯಲ್ಲಿ.

ಎರಡನೆಯವಳು ಮಂಥರೆ. ಇವಳನ್ನು ವಿಲನ್ ಪಟ್ಟಿಯಲ್ಲಿ ಸೇರಿಸಿ ಮರೆಯುವುದು ರೂಢಿ. ಆದರೆ ವಾಲ್ಮೀಕಿಯಲ್ಲೇ ಒಂದು ಸಣ್ಣ ವಿಷಯ ಇದೆ. ರಾಮನ ಪಟ್ಟಾಭಿಷೇಕದ ಸುದ್ದಿ ಕೇಳಿದ ಕೈಕೇಯಿ ಖುಷಿಯಿಂದ ಒಂದು ಆಭರಣ ತೆಗೆದು ಮಂಥರೆಗೆ ಕೊಡುತ್ತಾಳೆ. ಮಂಥರೆ ಅದನ್ನು ಎಸೆದುಬಿಡುತ್ತಾಳೆ. ಲಾಭಕ್ಕೆ ಕಿವಿ ಊದುವ ದಾಸಿ ಸಿಕ್ಕಿದ ಒಡವೆ ಎಸೆಯುತ್ತಾಳಾ? ತವರಿನಿಂದ ಜೊತೆಗೆ ಬಂದವಳು ಅವಳು. ಅವಳಿಗೆ ಕಂಡದ್ದು ತನ್ನೊಡತಿ ಮೂಲೆಗೆ ಬೀಳುವ ದಿನ, ಅಷ್ಟೇ.

ಮೈಸೂರಿನಲ್ಲಿ ಬಾಳಿದ ಕುವೆಂಪು ಈ ಎಳೆಯನ್ನು ಹಿಡಿದು ಎಳೆದರು. 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಅವಳಿಗೆ ಒಂದು ಇಡೀ ಸಂಚಿಕೆ ಕೊಟ್ಟು, ಅದನ್ನು 'ಮಮತೆಯ ಸುಳಿ ಮಂಥರೆ' ಎಂದು ಕರೆದರು. ಜಗತ್ತು ಅವಳ ಗೂನು ನೋಡಿ ನಕ್ಕಿತು. ಅಸಹ್ಯ ಪಡದೆ ಹತ್ತಿರ ಬಂದವರು ಒಬ್ಬರೋ ಇಬ್ಬರೋ. ಹಾಗಾಗಿ ಇರುವ ಮಮತೆಯೆಲ್ಲ ಅವರ ಸುತ್ತಲೇ ತಿರುಗಿತು. ಹತ್ತು ಜನರಿಗೆ ಹಂಚಿಹೋಗಬೇಕಾದ ಪ್ರೀತಿ ಒಬ್ಬರ ಮೇಲೇ ನಿಂತರೆ ಮಿಕ್ಕವರು ಕಣ್ಣಿಗೇ ಬೀಳುವುದಿಲ್ಲ. ರಾಮ ಕೆಟ್ಟವನೆಂದು ಅವಳು ಅವನನ್ನು ಕಾಡಿಗೆ ಕಳಿಸಲಿಲ್ಲ. ಅವಳ ಲೆಕ್ಕದಲ್ಲಿ ರಾಮ ಇರಲೇ ಇಲ್ಲ. ಈ ಬಗೆಯ ಪಾತ್ರದ ಸ್ವಭಾವ ಇದಕ್ಕಿಂತ ಚೆನ್ನಾಗಿ ಕನ್ನಡದಲ್ಲಿ ಬಂದಿರುವುದನ್ನು ನಾನು ಓದಿಲ್ಲ.

ಗಂಡು ಪಾತ್ರಕ್ಕೆ ಬಂದರೆ ಇದೆಲ್ಲ ನಮಗೆ ಸಲೀಸಾಗಿ ಅರ್ಥವಾಗುತ್ತದೆ, ಗಮನಿಸಿದ್ದೀರಾ? ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನ, ಕರ್ಣನ ಪಾತ್ರ ಸಿಕ್ಕವನ ಠೀವಿಯೇ ಬೇರೆ. ಕರ್ಣ ಕೌರವನ ಅನ್ನದ ಋಣಕ್ಕೆ ಅನ್ಯಾಯದ ಕಡೆ ನಿಂತವನು, ತುಂಬಿದ ಸಭೆಯಲ್ಲಿ ದ್ರೌಪದಿಗೆ ಆಡಬಾರದ ಮಾತು ಆಡಿದವನು. ಆದರೂ ಅವನು ಬಿದ್ದಾಗ ಇಡೀ ಊರು ಕಣ್ಣು ಒರೆಸಿಕೊಳ್ಳುತ್ತದೆ. ಮಂಥರೆಯದೂ ಅನ್ನದ ಋಣವೇ. ಅವಳಿಗೆ ಯಾರೂ ಅಳುವುದಿಲ್ಲ. ಗಂಡಸಿಗೆ ಮೊದಲು ಯಾರಿಗೆ ನಿಷ್ಠ ಎಂದು ಕೇಳುತ್ತೇವೆ. ಹೆಂಗಸಿಗೆ ಒಳ್ಳೆಯವಳಾ ಎಂದು ಕೇಳುತ್ತೇವೆ. ಆಂಟಿ ಹೀರೋ ನಮಗೆ ಹಳಬ, ಆಂಟಿ ಹೀರೋಯಿನ್ ಹೊಸಬಳಂತೆ ಕಾಣುವುದು ಇದಕ್ಕೇ.

ದಿನನಿತ್ಯದ ಬದುಕಿನಲ್ಲಿ ಇವಳ ಸ್ವಭಾವ ಹೇಗಿರುತ್ತದೆ? ಒಂದು ಪಾತ್ರ ಕಟ್ಟಿ ನೋಡೋಣ. ಹೆಸರು ನಿಂಗಮ್ಮ ಎಂದು ಇಟ್ಟುಕೊಳ್ಳಿ. ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರು. ಅಪ್ಪ ಅಮ್ಮ ಬೇಗ ಹೋದರು. ಗಂಡನ ಮನೆಯಲ್ಲಿ ಬಾಳಲಾಗದೆ ವಾಪಸ್ ಬಂದು, ಕೂಲಿ ನಾಲಿ ಮಾಡಿ ತಮ್ಮನನ್ನು ಸಾಕಿದಳು. ನೀರಿನ ಸರದಿಯ ಜಗಳದಲ್ಲಿ ತಮ್ಮ ಕುಡಿದ ಅಮಲಲ್ಲಿ ಪಕ್ಕದವರ ಕಬ್ಬಿಗೆ ಬೆಂಕಿ ಇಡುತ್ತಾನೆ. ನಿಂಗಮ್ಮ ಮಾರಿಗುಡಿ ಮುಂದೆ ಕರ್ಪೂರ ಹಚ್ಚಿ, ಕಬ್ಬು ಕಡಿಯಲು ಬಂದಿದ್ದ ಕೂಲಿ ಹುಡುಗ ಬೀಡಿ ಎಸೆದದ್ದನ್ನು ಕಣ್ಣಾರೆ ಕಂಡೆ ಎಂದು ಆಣೆ ಇಡುತ್ತಾಳೆ. ಹುಡುಗ ಒದೆ ತಿಂದು, ಕೂಲಿಯೂ ಇಲ್ಲದೆ ಊರು ಬಿಡುತ್ತಾನೆ.

ನಿಂಗಮ್ಮನ ಬಾಯಿ ಒರಟು. ತಮ್ಮನನ್ನು ದಿನಾ ಬೈಯುತ್ತಾಳೆ. ಬೇರೆ ಯಾರಾದರೂ ಬೈದರೆ ಜಗಳಕ್ಕೆ ನಿಲ್ಲುತ್ತಾಳೆ. "ಅವ್ನಿಗೆ ಇಕ್ಕೋಕೂ ನಾನೇ, ಉಗಿಯೋಕೂ ನಾನೇ ಇವ್ನಿ ಕಣವ್ವ, ನಿಂಗ್ಯಾಕೆ?" ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಅನುಮಾನ ಪಡುತ್ತಾಳೆ. ಒಂದು ಸೇರು ರಾಗಿ ಕಡ ತಂದದ್ದೂ ನೆನಪಿರುತ್ತದೆ, ಹತ್ತು ವರ್ಷದ ಹಿಂದಿನ ಅವಮಾನವೂ ನೆನಪಿರುತ್ತದೆ. ತಮ್ಮ ಮದುವೆಯಾದರೆ ಸೊಸೆಯಾಗಿ ಬಂದವಳಿಗೆ ಕಷ್ಟ ಗ್ಯಾರಂಟಿ. ತಾನು ಕೆಟ್ಟವಳು ಎಂದು ಅವಳು ಯಾವತ್ತೋ ಒಪ್ಪಿಕೊಂಡಿದ್ದಾಳೆ, ಹಾಗಾಗಿ ಇನ್ನೊಂದು ಕೆಟ್ಟ ಕೆಲಸ ತಲೆಯ ಮೇಲೆ ಹಾಕಿಕೊಳ್ಳುವುದು ಅವಳಿಗೆ ಭಾರ ಅನ್ನಿಸುವುದಿಲ್ಲ. ತಮ್ಮ ಶುದ್ಧವಾಗಿ ಉಳಿದರೆ ಸಾಕು. ಅಪಾಯ ಇರುವುದು ಅಲ್ಲೇ. ಸ್ವಂತಕ್ಕಾಗಿ ತಪ್ಪು ಮಾಡುವವಳಿಗೆ ಎಲ್ಲೋ ಒಂದು ಕಡೆ ಸಾಕೆನ್ನಿಸುತ್ತದೆ. ಇನ್ನೊಬ್ಬರಿಗಾಗಿ ಮಾಡುವವಳಿಗೆ ಅದು ತ್ಯಾಗದಂತೆ ಕಾಣುವುದರಿಂದ ಸಾಕು ಎನ್ನುವುದೇ ಇಲ್ಲ.

ಇಲ್ಲಿ ಬರೆಯುವವರಿಗೆ ಒಂದು ಆಸೆ ಹುಟ್ಟುತ್ತದೆ. ನಿಂಗಮ್ಮ ರಾತ್ರಿ ಗುಟ್ಟಾಗಿ ಆ ಹುಡುಗನ ಮನೆಗೆ ಅಕ್ಕಿ ಮೂಟೆ ಕಳಿಸಿದಳು ಎಂದು ಒಂದು ದೃಶ್ಯ ಸೇರಿಸೋಣ ಎಂದು. ನಾನಾದರೆ ಅದನ್ನು ಹೊಡೆದು ಹಾಕುತ್ತೇನೆ. ಅಕ್ಕಿ ಕಳಿಸಿದ ಕೂಡಲೇ ಓದುಗನಿಗೆ ನೆಮ್ಮದಿ, ನಿಂಗಮ್ಮನಿಗೂ ನೆಮ್ಮದಿ. ಕಬ್ಬು ಕಡಿಯುವವರು ಗುಡಿಸಲು ಹಾಕಿದ್ದ ದಾರಿಯಲ್ಲಿ ಅವಳು ಆಮೇಲೆ ಓಡಾಡಲಿಲ್ಲ ಎಂದರೆ ಸಾಕು, ಜಾಸ್ತಿ ಬೇಡ.

ಒಂದು ಗೊಂದಲ ಮಾತ್ರ ಆಗಾಗ ಕಾಣುತ್ತದೆ. ಮನಸ್ಸಿಗೆ ಕಾಯಿಲೆಯಾದ ಹೆಣ್ಣುಪಾತ್ರಗಳನ್ನೆಲ್ಲ ಆಂಟಿ ಹೀರೋಯಿನ್ ಎನ್ನುವುದು. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬದುಕಿದ ತ್ರಿವೇಣಿ (1928–1963) ಮನಃಶಾಸ್ತ್ರ ಓದಿದವರು. ಅವರ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬೀಳುತ್ತಾಳೆ, ಗುಣವಾಗಿ ಮನೆಗೆ ಬಂದ ಮೇಲೂ ಗಂಡ, ನೆರೆಹೊರೆ ಅವಳನ್ನು ಹುಚ್ಚಿಯಂತೆಯೇ ನೋಡುತ್ತಾರೆ. ಕಾವೇರಿ ಯಾರ ಬದುಕನ್ನೂ ಕೆಡಿಸಲಿಲ್ಲ. ಕೆಟ್ಟದ್ದು ಅವಳಿಗೆ ಆಯಿತು. ನೋವು ಇದ್ದ ಮಾತ್ರಕ್ಕೆ ಈ ಪಟ್ಟ ಸಿಗುವುದಿಲ್ಲ. ಆ ನೋವು ಕೈಗೆ ಇಳಿದು, ತಪ್ಪು ಮಾಡದ ಇನ್ನೊಬ್ಬರಿಗೆ ತಟ್ಟಬೇಕು.

ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆಯ ಸಂಕಮ್ಮನೂ ಇದೇ ಕಾರಣಕ್ಕೆ ಹೊರಗೆ. ಕಾಡಿಗೆ ಹೊರಟ ಗಂಡ ಬಲಗೈ ಭಾಷೆ ಕೊಡು ಎಂದು ಕಾಡುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪೇ ಮಾಡದವಳು ಯಾಕೆ ಆಣೆ ಇಡಬೇಕು ಎಂಬ ಹಟ. ಅದಕ್ಕೆ ಹಿಂಸೆ ಅನುಭವಿಸುತ್ತಾಳೆ. ಹಟಮಾರಿ ಹೌದು, ನೊಂದವಳು ಹೌದು, ನಿಷ್ಠೆಯೂ ಇದೆ. ಆದರೆ ಅವಳಿಂದ ಯಾರಿಗೂ ಕೇಡಾಗಲಿಲ್ಲ. ಸುಳ್ಳು ಆಣೆ ಇಟ್ಟ ನಿಂಗಮ್ಮನನ್ನೂ ನಿಜದ ಆಣೆಯನ್ನೂ ಒಲ್ಲೆ ಎಂದ ಸಂಕಮ್ಮನನ್ನೂ ಪಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಕಾಣುತ್ತದೆ. ಸಂಕಮ್ಮ ನಾಯಕಿಯೇ.

ಕೈಕೇಯಿ? ಇಲ್ಲಿ ಜಗಳ ಆಡಬಹುದು. ಮಗನಿಗಾಗಿ ಮಾಡಿದಳು, ಅವಳೂ ಸೇರಬೇಕು ಎನ್ನುವವರು ಇದ್ದಾರೆ. ಆದರೆ ಪಟ್ಟಾಭಿಷೇಕದ ಸುದ್ದಿಗೆ ಮೊದಲು ಖುಷಿಪಟ್ಟು ಒಡವೆ ಕೊಟ್ಟವಳು ಅವಳೇ ಅಲ್ವಾ? ಇನ್ನೊಬ್ಬರು ಹೇಳಿಕೊಟ್ಟ ಮೇಲೆ ಹುಟ್ಟಿದ ಹಟ ಅದು. ಭರತನಿಗೂ ಅದು ಬೇಡವಾಗಿತ್ತು. ನನ್ನ ಓಟು ಮಂಥರೆಗೇ.