ದೊಡ್ಡ ಪುಲ್ ಮಾಡಿದಾಗಲೆಲ್ಲ ಸಾಯುತ್ತೇನೆ, ತಪ್ಪು ನನ್ನದಾ ಹೀಲರ್‌ದಾ?

ಪ್ರಶ್ನೆ: ಫೈನಲ್ ಫ್ಯಾಂಟಸಿ 14 ಆನ್‌ಲೈನ್ ಗೇಮ್‌ನಲ್ಲಿ ಪ್ಯಾಲಡಿನ್ ಆಡ್ತಿದ್ದೀನಿ, ಲೆವೆಲ್ 50 ದಾಟಿದೆ. ಬಾಸ್ ಹತ್ತಿರ ಏನೂ ತೊಂದರೆ ಇಲ್ಲ. ಆದ್ರೆ ಡಂಜನ್‌ನಲ್ಲಿ ಶತ್ರುಗಳ ಎರಡು ಗುಂಪು ಒಟ್ಟಿಗೆ ನನ್ನ ಕಡೆ ಎಳೆದ್ರೆ (ಪುಲ್) ಸಾಕು, ಸತ್ತೇ ಹೋಗ್ತೀನಿ. ಕೆಲವು ಹೀಲರ್‌ಗಳು (ಪೆಟ್ಟು ವಾಸಿಮಾಡುವವರು) ಏನೂ ಹೇಳದೆ ಪಾರ್ಟಿ ಬಿಟ್ಟು ಹೋಗಿದ್ದಾರೆ. ತಪ್ಪು ಯಾರದು?

ಬಹುಪಾಲು ನಿಮ್ಮದೇ. ಆದರೆ ಬೇಗ ಸರಿಹೋಗುವ ತಪ್ಪು, ಹೊಸದಾಗಿ ಟ್ಯಾಂಕ್ (ಪಾರ್ಟಿಯ ಪರವಾಗಿ ಪೆಟ್ಟು ತಿನ್ನುವ ಪಾತ್ರ, ನಿಮ್ಮ ಪ್ಯಾಲಡಿನ್ ಥರ) ಆಡುವ ಹೆಚ್ಚಿನವರು ಮಾಡುವಂಥದ್ದು. ಬಾಸ್ ಹತ್ತಿರ ತೊಂದರೆ ಇಲ್ಲ ಎಂದಿರಲ್ಲ, ಸುಳಿವು ಅಲ್ಲೇ ಇದೆ. ರಕ್ಷಣೆಯ ಬಟನ್‌ಗಳನ್ನೆಲ್ಲ ನೀವು ಬಾಸ್‌ಗೆಂದು ಎತ್ತಿಟ್ಟುಕೊಂಡಿದ್ದೀರಿ ಅನಿಸುತ್ತದೆ. ನಾಲ್ಕು ಜನರ ಡಂಜನ್‌ನಲ್ಲಿ ಲೆಕ್ಕ ಉಲ್ಟಾ. ಬಾಸ್ ಎಷ್ಟೇ ದೈತ್ಯನಾಗಿರಲಿ, ಹೊಡೆಯುವುದು ಅವನೊಬ್ಬನೇ. ಕೆಲವು ಸೆಕೆಂಡಿಗೊಂದು ಸಾಧಾರಣ ಪೆಟ್ಟು, ಆಗೊಮ್ಮೆ ಈಗೊಮ್ಮೆ ಒಂದು ಟ್ಯಾಂಕ್‌ಬಸ್ಟರ್ (ಟ್ಯಾಂಕ್ ಮೇಲೆ ಬೀಳುವ ಭಾರೀ ಏಟು), ಅದೂ ಕ್ಯಾಸ್ಟ್ ಬಾರ್ (ಏಟು ಬರಲು ಎಷ್ಟು ಹೊತ್ತಿದೆ ಎಂದು ಹೇಳುವ ಪಟ್ಟಿ) ತೋರಿಸಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಎರಡು ಗುಂಪು ಸೇರಿಸಿ ಎಳೆದರೆ ಆರೇಳು ಮಾಬ್‌ಗಳು (ಸಾಮಾನ್ಯ ಶತ್ರುಗಳು) ಏಕಕಾಲಕ್ಕೆ, ಬಿಡುವೇ ಇಲ್ಲದೆ ಹೊಡೆಯುತ್ತವೆ. ಟ್ಯಾಂಕ್‌ಗೆ ನಿಜವಾದ ಪರೀಕ್ಷೆ ಇರುವುದು ಎರಡು ಬಾಸ್‌ಗಳ ನಡುವಿನ ದಾರಿಯಲ್ಲಿ.

ತಪ್ಪು ಯಾರದು ಎಂದು ಕಂಡುಹಿಡಿಯುವುದಕ್ಕೂ ಒಂದು ಸುಲಭ ದಾರಿಯಿದೆ. ಮುಂದಿನ ಸಲ ಸತ್ತಾಗ ಚಾಟ್‌ನಲ್ಲಿ ಸಾರಿ ಟೈಪ್ ಮಾಡುವ ಮೊದಲು ನಿಮ್ಮ ಹಾಟ್‌ಬಾರ್ (ಬಟನ್‌ಗಳ ಸಾಲು) ನೋಡಿ. ರ‍್ಯಾಂಪಾರ್ಟ್, ಸೆಂಟಿನೆಲ್, ರಿಪ್ರೈಸಲ್, ಆರ್ಮ್ಸ್ ಲೆಂಗ್ತ್ ಎಂಬ ರಕ್ಷಣೆಯ ಬಟನ್‌ಗಳೆಲ್ಲವೂ ಬಳಕೆಗೆ ಸಿದ್ಧವಾಗಿ ಕೂತಿದ್ದರೆ ಸಾವು ನಿಮ್ಮ ಲೆಕ್ಕಕ್ಕೆ. ಮೂರ್ನಾಲ್ಕು ಬಟನ್‌ಗಳನ್ನು ಒಟ್ಟಿಗೇ ಒತ್ತಿ, ಎಲ್ಲವೂ ಕೂಲ್‌ಡೌನ್ (ಮತ್ತೆ ಸಿದ್ಧವಾಗಲು ಬೇಕಾದ ಸಮಯ) ಎಣಿಸುತ್ತಿದ್ದರೂ ನಿಮ್ಮ ಲೆಕ್ಕಕ್ಕೇ. ಒಂದಾದ ಮೇಲೊಂದರಂತೆ ಬಳಸಿ ಮುಗಿಸಿದ ಮೇಲೂ ಸತ್ತರೆ ಮಾತ್ರ ಹೀಲರ್ ಕಡೆ, ಇಲ್ಲವೇ ನಿಮ್ಮ ಹಳೇ ರಕ್ಷಾಕವಚದ ಕಡೆ ತಿರುಗಿ ನೋಡಬಹುದು.

ಒಟ್ಟಿಗೇ ಒತ್ತಿದರೆ ಏನು ನಷ್ಟ? ಇಲ್ಲಿ ಸ್ವಲ್ಪ ಗಣಿತ ಬೇಕು. ರ‍್ಯಾಂಪಾರ್ಟ್ 20 ಸೆಕೆಂಡ್ ಕಾಲ ಪೆಟ್ಟನ್ನು ಶೇ. 20ರಷ್ಟು ತಗ್ಗಿಸುತ್ತದೆ. ಸೆಂಟಿನೆಲ್ 15 ಸೆಕೆಂಡ್ ಕಾಲ ಶೇ. 30ರಷ್ಟು. ಎರಡನ್ನೂ ಒಟ್ಟಿಗೆ ಒತ್ತಿದರೆ ಶೇ. 50 ಸಿಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಸಿಗುವುದಿಲ್ಲ. ಮೊದಲನೆಯದು ತಗ್ಗಿಸಿ ಉಳಿಸಿದ್ದರ ಮೇಲೆ ಎರಡನೆಯದು ಕೆಲಸ ಮಾಡುತ್ತದೆ, ಹಾಗಾಗಿ ಸಿಗುವುದು ಶೇ. 44. ಮಾಬ್‌ಗಳು ಸೆಕೆಂಡಿಗೆ 1,000 ಎಚ್‌ಪಿಯಷ್ಟು (ಜೀವಬಲ) ಹೊಡೆಯುತ್ತಿವೆ ಎಂದಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಒತ್ತಿದಾಗ 15 ಸೆಕೆಂಡಿನಲ್ಲಿ 6,600 ಉಳಿಯುತ್ತದೆ, ಮಿಕ್ಕ 5 ಸೆಕೆಂಡಿಗೆ ರ‍್ಯಾಂಪಾರ್ಟ್ ಒಂದೇ ಇನ್ನು 1,000 ಉಳಿಸುತ್ತದೆ. ಒಟ್ಟು 7,600. ಬೇರೆ ಬೇರೆ ಒತ್ತಿದರೆ ರ‍್ಯಾಂಪಾರ್ಟ್‌ನಿಂದ 4,000, ಸೆಂಟಿನೆಲ್‌ನಿಂದ 4,500, ಒಟ್ಟು 8,500. ಅವೇ ಎರಡು ಬಟನ್, ಉಳಿತಾಯ ಹೆಚ್ಚು.

ಈ 900ರ ವ್ಯತ್ಯಾಸಕ್ಕಿಂತ ದೊಡ್ಡದು ಸಮಯದ ವ್ಯತ್ಯಾಸ. ಒಟ್ಟಿಗೆ ಒತ್ತಿದರೆ 20 ಸೆಕೆಂಡಿಗೆ ರಕ್ಷಣೆಯೆಲ್ಲ ಖಾಲಿ. ಬೇರೆ ಬೇರೆ ಒತ್ತಿದರೆ 35 ಸೆಕೆಂಡ್ ಬರುತ್ತದೆ. ಹೀಲರ್ ಜಾಗದಲ್ಲಿ ಕೂತು ಯೋಚಿಸಿ. ಮೊದಲ ಕಾಲು ನಿಮಿಷ ನಿಮ್ಮ ಎಚ್‌ಪಿ ಅಲುಗಾಡುವುದೇ ಇಲ್ಲ, ಸರಿ, ನಾನೂ ಎರಡು ಏಟು ಹಾಕೋಣ ಎಂದು ಅವರು ದಾಳಿಗೆ ಇಳಿದಿರುತ್ತಾರೆ. ಅಷ್ಟರಲ್ಲಿ ಎರಡೂ ಬಟನ್‌ಗಳ ರಕ್ಷಣೆ ಹೋಗಿ ಎಚ್‌ಪಿ ಧೊಪ್ಪನೆ ಬೀಳುತ್ತದೆ. ಎಷ್ಟು ಪೆಟ್ಟು ಬರುತ್ತದೆ ಎಂದು ಗೊತ್ತಿದ್ದರೆ ಹೀಲರ್ ಅದನ್ನು ನಿಭಾಯಿಸುತ್ತಾರೆ, ಅದು ಜಾಸ್ತಿಯೇ ಇದ್ದರೂ ಸರಿ. ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಎಂಥ ಹೀಲರ್‌ಗೂ ಕಷ್ಟ. ಪೆಟ್ಟು ಒಂದೇ ಹದದಲ್ಲಿ ಬರುವಂತೆ ನೋಡಿಕೊಳ್ಳುವುದು ಟ್ಯಾಂಕ್‌ನ ಕೆಲಸ. ನಾನು ಟ್ಯಾಂಕ್ ಆಡುವುದನ್ನು ಇಷ್ಟಪಡುವುದೂ ಇದಕ್ಕೇ.

ಮಾಬ್‌ಗಳು ಒಂದೊಂದೇ ಸಾಯುತ್ತ ಹೋದಂತೆ ಪೆಟ್ಟು ತಾನಾಗಿ ಕಡಿಮೆಯಾಗುವುದಿಲ್ಲವೇ, ಮೊದಲಿಗೆ ಎಲ್ಲ ಸುರಿದುಬಿಟ್ಟರೆ ಏನಾಯಿತು ಎಂದು ಕೆಲವರು ವಾದಿಸುತ್ತಾರೆ. ಡಿಪಿಎಸ್ (ದಾಳಿಯ ಪಾತ್ರ) ಆಡುವವರು ಒಂದನ್ನೇ ಗುರಿಯಾಗಿಟ್ಟು ಹೊಡೆಯುತ್ತಿದ್ದರೆ ಹಾಗಾಗಬಹುದಿತ್ತು. ಒಳ್ಳೆಯ ಪಾರ್ಟಿಯಲ್ಲಿ ಎಲ್ಲರೂ ಗುಂಪಿನ ಮೇಲೆ ಬೀಳುವ ಏಟುಗಳನ್ನೇ ಬಳಸುತ್ತಾರೆ, ಎಲ್ಲ ಮಾಬ್‌ಗಳ ಎಚ್‌ಪಿ ಒಟ್ಟಿಗೇ ಇಳಿಯುತ್ತದೆ, ಸಾಯುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಅಲ್ಲಿಯವರೆಗೂ ಅಷ್ಟೂ ಮಾಬ್‌ಗಳು ನಿಮ್ಮನ್ನು ಹೊಡೆಯುತ್ತಲೇ ಇರುತ್ತವೆ. ಕೊನೆಯ ಹತ್ತು ಸೆಕೆಂಡ್ ಕೂಡ ಮೊದಲ ಹತ್ತರಷ್ಟೇ ಭಾರ.

ಒಂದು ಪುಲ್ ಹೇಗೆ ನಡೆಯಬೇಕು ಎಂದು ನೋಡೋಣ. ಹೊರಡುವ ಮುಂಚೆ ಐರನ್ ವಿಲ್ (ಶತ್ರುಗಳ ಗಮನ ನಿಮ್ಮ ಮೇಲೇ ಇರಿಸುವ ಟ್ಯಾಂಕ್ ಸ್ಟಾನ್ಸ್) ಆನ್ ಇದೆಯೇ ನೋಡಿಕೊಳ್ಳಿ. ಬೇರೆ ಜಾಬ್ (ಪಾತ್ರದ ವರ್ಗ) ಆಡಿ ವಾಪಸ್ ಬಂದಾಗ ಅದು ಆಫ್ ಆಗಿರುತ್ತದೆ, ಎಷ್ಟೋ ವೈಪ್‌ಗಳಿಗೆ (ಪಾರ್ಟಿ ಪೂರ್ತಿ ಸಾಯುವುದಕ್ಕೆ) ಇದೊಂದೇ ಕಾರಣ. ಸ್ಪ್ರಿಂಟ್ ಒತ್ತಿ ಓಡಿ. ಮೊದಲ ಗುಂಪಿನ ನಡುವೆ ಹಾಯುವಾಗ ಒಂದು ಟೋಟಲ್ ಎಕ್ಲಿಪ್ಸ್ (ಸುತ್ತಲಿನವರಿಗೆಲ್ಲ ಬೀಳುವ ಏಟು) ಹಾಕಿ, ನಿಲ್ಲದೆ ಮುಂದೆ ಹೋಗಿ. ಬದಿಯಲ್ಲಿ ಒಂಟಿಯಾಗಿ ನಿಂತವನಿಗೆ ದೂರದಿಂದಲೇ ಎಸೆಯುವ ಶೀಲ್ಡ್ ಲಾಬ್. ಓಡುವಾಗ ಹೀಲರ್ ಕೂಡ ಓಡುತ್ತಿರುತ್ತಾರೆ, ನಿಂತು ಕ್ಯಾಸ್ಟ್ ಮಾಡಲು ಅವರಿಗೂ ಆಗದು. ಆ ಹೊತ್ತಿಗೆ ಶೆಲ್ಟ್ರಾನ್ (ಗುರಾಣಿಯಿಂದ ಪೆಟ್ಟು ತಡೆಯುವ ಬಟನ್) ಬಳಸಿ. ಓತ್ ಗೇಜ್ 100 ತುಂಬಿಕೊಂಡು ಸುಮ್ಮನೆ ಕೂರುವುದರಲ್ಲಿ ಲಾಭವಿಲ್ಲ, ಶೆಲ್ಟ್ರಾನ್‌ಗೆ ಬೇಕಾದದ್ದು 50 ಮಾತ್ರ. ಎರಡನೇ ಗುಂಪು ಸೇರಿದ ಮೇಲೆ ನಿಲ್ಲಿ, ಇನ್ನೆರಡು ಟೋಟಲ್ ಎಕ್ಲಿಪ್ಸ್ ಹಾಕಿ, ಪಕ್ಕದ ಶತ್ರುಪಟ್ಟಿ ನೋಡಿ. ಎಲ್ಲ ಹೆಸರುಗಳ ಮುಂದೆ ಕೆಂಪು ಚೌಕ ಇದ್ದರೆ ಎಲ್ಲವೂ ನಿಮ್ಮ ಮೇಲೇ ಇವೆ.

ಅಗ್ರೋ (ಶತ್ರುಗಳ ಗಮನ ಯಾರ ಮೇಲಿದೆ ಎನ್ನುವುದು) ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೊದಲೆಲ್ಲ ಟ್ಯಾಂಕ್ ಸ್ಟಾನ್ಸ್ ಆನ್ ಮಾಡಿದರೆ ನಿಮ್ಮ ಏಟಿನ ಬಲ ತಗ್ಗುತ್ತಿತ್ತು, ಸ್ಟಾನ್ಸ್ ಹಾಕುತ್ತ ತೆಗೆಯುತ್ತ ಸರ್ಕಸ್ ಮಾಡಬೇಕಿತ್ತು. 2019ರಲ್ಲಿ ಶ್ಯಾಡೋಬ್ರಿಂಗರ್ಸ್ ಎಂಬ ವಿಸ್ತರಣೆ ಬಂದಾಗ ಅದನ್ನೆಲ್ಲ ತೆಗೆದುಹಾಕಿದರು. ಈಗ ಗಮನವನ್ನೆಲ್ಲ ರಕ್ಷಣೆಗೇ ಕೊಡಬಹುದು.

ನಿಂತ ಮೇಲೆ ಮೊದಲು ಯಾವುದು ಒತ್ತಬೇಕು? ಇದು ನಿಮ್ಮ ಹೀಲರ್ ಯಾರು ಎನ್ನುವುದರ ಮೇಲೆ ನಿಂತಿದೆ, ಇದನ್ನು ಹೇಳಿಕೊಡುವವರು ಕಡಿಮೆ. ವೈಟ್ ಮೇಜ್ ಆಗಿದ್ದರೆ, ಲೆವೆಲ್ 45ರಿಂದ ಅವರ ಬಳಿ ಹೋಲಿ ಎಂಬ ಮಂತ್ರ ಇರುತ್ತದೆ. ಹೋಲಿ ಬಿದ್ದ ಮಾಬ್‌ಗಳೆಲ್ಲ ಸ್ಟನ್ ಆಗುತ್ತವೆ, ಮೊದಲ ಸಲ 4 ಸೆಕೆಂಡ್, ಆಮೇಲೆ ಪ್ರತಿ ಸಲ ಕಡಿಮೆ, ಕೊನೆಗೆ ಸ್ಟನ್ ಆಗುವುದೇ ಇಲ್ಲ. ಸ್ಟನ್ ಆದ ಮಾಬ್ ಹೊಡೆಯುವುದಿಲ್ಲ. ಆ ಹೊತ್ತಿನಲ್ಲಿ ಸೆಂಟಿನೆಲ್ ಓಡುತ್ತಿದ್ದರೆ ಅಷ್ಟೂ ಸೆಕೆಂಡ್ ದಂಡ. ಆದ್ದರಿಂದ ವೈಟ್ ಮೇಜ್ ಜೊತೆ ಆಡುವಾಗ ಎರಡು ಮೂರು ಹೋಲಿ ಬೀಳುವವರೆಗೆ ದೊಡ್ಡ ಬಟನ್‌ಗಳನ್ನು ತಡೆದು ಹಿಡಿಯಿರಿ. ಅದಕ್ಕೂ ಮುಂಚೆ ನೀವು ಲೋ ಬ್ಲೋ ಹಾಕಿ ಯಾವುದಾದರೂ ಮಾಬ್ ಅನ್ನು ಸ್ಟನ್ ಮಾಡಬೇಡಿ, ಮೊದಲ ಹೋಲಿಯ ಪೂರ್ತಿ 4 ಸೆಕೆಂಡ್ ಅದರ ಮೇಲೆ ಸಿಗದೆ ಹೋಗುತ್ತದೆ. ಸ್ಕಾಲರ್, ಆಸ್ಟ್ರಾಲಜಿಯನ್, ಸೇಜ್ ಇದ್ದರೆ ಈ ಕಾಯುವಿಕೆ ಬೇಡ. ನಿಂತ ಕೂಡಲೇ ರ‍್ಯಾಂಪಾರ್ಟ್ ಒತ್ತಿ, ಅದು ಮುಗಿದ ಮೇಲೆ ಸೆಂಟಿನೆಲ್.

ಇನ್ನು ಆರ್ಮ್ಸ್ ಲೆಂಗ್ತ್. ಬಾಸ್ ಹಿಂದಕ್ಕೆ ತಳ್ಳುವಾಗ ನಿಂತಲ್ಲೇ ನಿಲ್ಲಲು ಮಾತ್ರ ಅದನ್ನು ಬಳಸುವವರಿದ್ದಾರೆ. ಅದರ ವಿವರಣೆಯ ಕೊನೆಯ ಸಾಲು ಓದಿ. ಅದು ಚಾಲ್ತಿಯಲ್ಲಿರುವ 6 ಸೆಕೆಂಡಿನಲ್ಲಿ ನಿಮಗೆ ಕೈಯಾರೆ ಹೊಡೆದ ಮಾಬ್ 15 ಸೆಕೆಂಡ್ ಕಾಲ ಶೇ. 20ರಷ್ಟು ನಿಧಾನವಾಗುತ್ತದೆ. ಸುತ್ತ ಏಳು ಮಾಬ್ ಹೊಡೆಯುತ್ತಿರುವಾಗ ಏಳೂ ನಿಧಾನವಾದರೆ, ಇನ್ನೊಂದು ರ‍್ಯಾಂಪಾರ್ಟ್ ಸಿಕ್ಕಿದ್ದಕ್ಕೆ ಹೆಚ್ಚು ಕಡಿಮೆ ಸಮ. ಬಾಸ್‌ಗಳ ಮೇಲೆ ಈ ನಿಧಾನ ನಡೆಯುವುದಿಲ್ಲವಾದ್ದರಿಂದ ಇದನ್ನು ಪುಲ್‌ಗಳಿಗೇ ಮೀಸಲಿಡಿ. ರಿಪ್ರೈಸಲ್ ಕೂಡ ಹಾಗೆಯೇ, ಹತ್ತಿರ ಇರುವ ಮಾಬ್‌ಗಳ ಏಟನ್ನು ಶೇ. 10ರಷ್ಟು ತಗ್ಗಿಸುತ್ತದೆ, 60 ಸೆಕೆಂಡಿಗೆ ವಾಪಸ್ ಬರುತ್ತದೆ. ಎರಡನ್ನೂ ಓಡುವಾಗ ಒತ್ತಿದರೆ ಅರ್ಧ ಮಾಬ್‌ಗಳು ತಪ್ಪಿಸಿಕೊಳ್ಳುತ್ತವೆ, ಎಲ್ಲ ಸುತ್ತುವರಿದ ಮೇಲೆ ಒತ್ತಿ.

ರ‍್ಯಾಂಪಾರ್ಟ್ ವಾಪಸ್ ಬರಲು 90 ಸೆಕೆಂಡ್, ಸೆಂಟಿನೆಲ್‌ಗೆ 120. ಬೇಗ ಆಡುವ ಪಾರ್ಟಿಯಲ್ಲಿ ಮುಂದಿನ ಪುಲ್ ಹೊತ್ತಿಗೆ ಎರಡೂ ಸಿದ್ಧವಿರುವುದಿಲ್ಲ. ಹ್ಯಾಲೋಡ್ ಗ್ರೌಂಡ್ ಬೇಕಾಗುವುದು ಆಗಲೇ. ಲೆವೆಲ್ 50ಕ್ಕೆ ಸಿಗುತ್ತದೆ, 10 ಸೆಕೆಂಡ್ ನಿಮಗೆ ಏನೂ ತಾಕುವುದಿಲ್ಲ. ಅದರ ಕೂಲ್‌ಡೌನ್ 420 ಸೆಕೆಂಡ್, ಏಳು ನಿಮಿಷ. ಕೊನೆಯ ಬಾಸ್‌ನಲ್ಲಿ ಬೇಕಾಗಬಹುದು ಎಂದು ಇಟ್ಟುಕೊಂಡು ಡಂಜನ್ ಮುಗಿದರೂ ಒಮ್ಮೆಯೂ ಒತ್ತದವರನ್ನು ಬಹಳ ನೋಡಿದ್ದೇನೆ. ದೊಡ್ಡ ಪುಲ್‌ಗಳಿಗೆ ಖರ್ಚು ಮಾಡಿ, ಒಂದೇ ಡಂಜನ್‌ನಲ್ಲಿ ಎರಡು ಸಲ ಬಳಸುವ ಅವಕಾಶ ಎಷ್ಟೋ ಸಲ ಸಿಗುತ್ತದೆ. ಎಚ್‌ಪಿ ತಳ ಕಾಣುವವರೆಗೆ ಕಾಯಬೇಡಿ, ಬಟನ್ ಒತ್ತುವುದಕ್ಕೂ ಸರ್ವರ್ ಅದನ್ನು ಒಪ್ಪಿಕೊಳ್ಳುವುದಕ್ಕೂ ನಡುವೆ ಸ್ವಲ್ಪ ಅಂತರ ಇದ್ದೇ ಇದೆ. ಬೇರೆ ಟ್ಯಾಂಕ್ ಜಾಬ್‌ಗಳಿಗೂ ಇಂಥದೇ ಬಟನ್ ಇದೆ, ಅಲ್ಲಿಗೆ ಹೋದಾಗ ಒಂದು ಎಚ್ಚರಿಕೆ. ವಾರಿಯರ್‌ನ ಹೋಮ್‌ಗ್ಯಾಂಗ್ 240 ಸೆಕೆಂಡಿಗೇ ವಾಪಸ್ ಬರುತ್ತದೆ, ಧಾರಾಳವಾಗಿ ಬಳಸಬಹುದು. ಡಾರ್ಕ್ ನೈಟ್‌ನ ಲಿವಿಂಗ್ ಡೆಡ್‌ನಲ್ಲಿ ಸಾಯುವ ಏಟು ಬಿದ್ದ ಮೇಲೆ ಗಡುವಿನೊಳಗೆ ಪೂರ್ತಿ ಎಚ್‌ಪಿಯಷ್ಟು ವಾಪಸ್ ಬರಬೇಕು, ಇಲ್ಲದಿದ್ದರೆ ಸಾವೇ. ಗನ್‌ಬ್ರೇಕರ್‌ನ ಸೂಪರ್‌ಬೊಲೈಡ್ ಎಚ್‌ಪಿಯನ್ನು ತಾನೇ ಕೆಡವುತ್ತದೆ. ಈ ಎರಡನ್ನು ಬಳಸುವ ಮೊದಲು ಚಾಟ್‌ನಲ್ಲಿ ಒಂದು ಮಾತು ಹಾಕುವುದು ಹೀಲರ್‌ಗೆ ನೀವು ಕೊಡುವ ಗೌರವ.

ನಿಂತ ಮೇಲೆ ನಿಂತೇ ಇರಿ ಎಂದೂ ಹೇಳಬೇಕು. ಮಾಬ್‌ಗಳನ್ನು ಸುತ್ತಿಸುತ್ತ ಹಿಂದೆ ಹಿಂದೆ ಹೋಗುವ ಟ್ಯಾಂಕ್ ಜೊತೆ ಡಿಪಿಎಸ್ ಆಡುವುದು ತುಂಬ ಬೇಸರದ ಕೆಲಸ. ಬ್ಲ್ಯಾಕ್ ಮೇಜ್ ಏಳರ ಮೇಲೆ ಬೀಳಲಿ ಎಂದು ಎಸೆದದ್ದು ಮೂರರ ಮೇಲೆ ಬೀಳುತ್ತದೆ, ಕಾಳಗ ಎಳೆಯುತ್ತದೆ, ಅಷ್ಟೂ ಹೆಚ್ಚುವರಿ ಸೆಕೆಂಡ್ ಪೆಟ್ಟು ತಿನ್ನುವವರು ನೀವೇ. ದೂರ ನಿಂತು ಮಂತ್ರ ಎಸೆಯುವ ಮಾಬ್ ಇದ್ದರೆ ಅದು ನಿಮ್ಮ ಹತ್ತಿರ ಬರುವುದಿಲ್ಲ, ಉಳಿದವನ್ನು ಕರೆದುಕೊಂಡು ನೀವೇ ಅದರ ಪಕ್ಕಕ್ಕೆ ಹೋಗಿ. ನೆಲದಲ್ಲಿ ಕಿತ್ತಳೆ ಬಣ್ಣದ ಗುರುತು ಬಂದಾಗ ಮಾತ್ರ ಜರುಗಿ, ಅದೂ ಗುಂಪಿನ ಮಧ್ಯದಿಂದಲೇ ಹಾದು ಆಚೆ ಬದಿಗೆ, ಆಗ ಗುಂಪು ಚದುರುವುದಿಲ್ಲ. ನಮ್ಮಲ್ಲಿಂದ ಆಡುವವರಿಗೆ ಇನ್ನೊಂದು ವಿಷಯ. ಈ ಆಟದ ಡೇಟಾ ಸೆಂಟರ್‌ಗಳಿರುವುದು ಜಪಾನ್, ಉತ್ತರ ಅಮೆರಿಕ, ಯುರೋಪ್ ಮತ್ತು ಓಷಿಯಾನಿಯಾಗಳಲ್ಲಿ, ಭಾರತದಲ್ಲಿ ಇಲ್ಲ. ನೀವು ಗುರುತಿನಿಂದ ಹೊರಬಂದದ್ದು ಬೆಂಗಳೂರಿನ ಸ್ಕ್ರೀನ್ ಮೇಲೆ ಕಂಡರೂ ಸರ್ವರ್‌ಗೆ ತಿಳಿಯುವುದು ತುಸು ತಡವಾಗಿ. ಪೆಟ್ಟು ಯಾರಿಗೆ ತಾಕುತ್ತದೆ ಎಂದು ಕ್ಯಾಸ್ಟ್ ಬಾರ್ ತುಂಬುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಹಾಗಾಗಿ ಬಾರ್ ತುಂಬುವುದಕ್ಕಿಂತ ಸ್ವಲ್ಪ ಮೊದಲೇ ಹೊರಗಿರಿ.

ಗೇರ್ ಬಗ್ಗೆ ಚಿಕ್ಕದಾಗಿ. ಲೆವೆಲ್ 50ರ ಆಸುಪಾಸಿನಲ್ಲಿ ಎದೆಕವಚ ಮತ್ತು ಕಾಲಿನ ಕವಚ ಹಳೆಯದಾಗಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ಉಳಿಸುವುದಿಲ್ಲ, ಡಿಫೆನ್ಸ್‌ನ ದೊಡ್ಡ ಪಾಲು ಇರುವುದು ಅವೆರಡರಲ್ಲಿ. ಪೊಯೆಟಿಕ್ಸ್ ಟೋಮ್‌ಸ್ಟೋನ್ (ಆಟದೊಳಗಿನ ಒಂದು ಬಗೆಯ ನಾಣ್ಯ) ಕೂಡಿಟ್ಟಿದ್ದರೆ ಮೋರ್ ಧೋನಾದ ರೆವೆನಂಟ್ಸ್ ಟೋಲ್‌ಗೆ ಹೋಗಿ ಔರಿಯಾನಾ ಎಂಬ ವ್ಯಾಪಾರಿಯ ಬಳಿ ಐರನ್‌ವರ್ಕ್ಸ್ ಸೆಟ್ ಕೊಳ್ಳಿ. ಆಗ್ಮೆಂಟ್ ಮಾಡಿಸಿದರೆ (ಮೇಲ್ದರ್ಜೆಗೆ ಏರಿಸಿದರೆ) ಐಟಂ ಲೆವೆಲ್ 130, ಮುಂದಿನ ಕೆಲವು ಲೆವೆಲ್‌ಗಳಿಗೆ ಧಾರಾಳ ಸಾಕು.

ಇನ್ನು ಹೀಲರ್‌ಗಳ ಮಾತು. ಅವರದೂ ತಪ್ಪಿರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಎಷ್ಟು ಎಳೆಯಬೇಕು ಎಂದು ತೀರ್ಮಾನಿಸುವ ಕಾಲು ನಿಮ್ಮದು, ಆದ್ದರಿಂದ ಅಂದಾಜೂ ನಿಮ್ಮದೇ ಆಗಿರಬೇಕು. ಹೀಲರ್ ಹೆಸರಿನ ಪಕ್ಕ ಮೊಳಕೆಯ ಗುರುತು ಇದ್ದರೆ ಅವರು ಆಟಕ್ಕೆ ಹೊಸಬರು. ಮೊದಲು ಒಂದೇ ಗುಂಪು ಎಳೆಯಿರಿ, ರ‍್ಯಾಂಪಾರ್ಟ್ ಮಾತ್ರ ಬಳಸಿ, ನಿಮ್ಮ ಎಚ್‌ಪಿ ನೋಡುತ್ತಿರಿ. ಅರ್ಧಕ್ಕಿಂತ ಕೆಳಗೆ ಇಳಿಯದಿದ್ದರೆ ಮುಂದಿನ ಸಲ ಎರಡು ಎಳೆಯಿರಿ. ಇಳಿದು ಅಲ್ಲೇ ಒದ್ದಾಡಿದರೆ ಆ ಡಂಜನ್ ಪೂರ್ತಿ ಒಂದೊಂದೇ ಗುಂಪು ಸಾಕು, ಹತ್ತು ನಿಮಿಷ ಹೆಚ್ಚಾಗಬಹುದು ಅಷ್ಟೇ. ಡಿಪಿಎಸ್ ಆಡುವವರು ಬೇಗ ಬೇಗ ಎಂದು ಒತ್ತಾಯಿಸಿದರೂ, ಇನ್ನೂ ಕಲಿಯುತ್ತಿರುವ ಹೀಲರ್ ಪರ ನಿಂತುಕೊಳ್ಳಿ.