ತವರದ ಅದಿರು ಬೇರ್ಪಡಿಸುವುದು: ಕಿಂಗ್ ಎಡ್ವರ್ಡ್ ಗಣಿಯಲ್ಲಿ ಏನನ್ನು ಗಮನಿಸಬೇಕು

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಕ್ಯಾಂಬೋರ್ನ್ ಪಟ್ಟಣದ ಬಳಿ ಇರುವ ಕಿಂಗ್ ಎಡ್ವರ್ಡ್ ಗಣಿ ಹಿಂದೆ ಗಣಿ ವಿದ್ಯಾರ್ಥಿಗಳ ತರಬೇತಿ ತಾಣವಾಗಿತ್ತು. ಈಗ ಸಂಗ್ರಹಾಲಯ. ಹಳೆಯ ಯಂತ್ರಗಳನ್ನು ಅಲ್ಲಿ ಓಡಿಸಿಯೇ ತೋರಿಸುತ್ತಾರೆ. ಹಾಗಾಗಿ ಪಠ್ಯದಲ್ಲಿ ಎರಡೇ ಸಾಲಿಗೆ ಮುಗಿಯುವ ಗುರುತ್ವ ವಿಧಾನ, ಅಂದರೆ ಭಾರದ ವ್ಯತ್ಯಾಸದಿಂದ ಅದಿರನ್ನು ಕಲ್ಲಿನಿಂದ ಬೇರ್ಪಡಿಸುವುದು, ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ಮೊದಲು ಎರಡು ಸಂಖ್ಯೆಗಳನ್ನು ನೆನಪಿಡಿ. ತವರದ ಮುಖ್ಯ ಅದಿರು ಕ್ಯಾಸಿಟರೈಟ್‌ನ ಸಾಪೇಕ್ಷ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) ಸುಮಾರು 7. ಜೊತೆಗಿರುವ ಬೆಣಚುಕಲ್ಲಿನದು 2.65. ಮುಂದಿನದೆಲ್ಲ ಈ ಅಂತರದ ಮೇಲೆಯೇ ನಿಂತಿದೆ.

ಕುಟ್ಟುವ ಯಂತ್ರದಲ್ಲಿ ಭಾರವಾದ ದಂಡಗಳು ಸರದಿಯಂತೆ ಮೇಲೆದ್ದು ಧೊಪ್ಪೆಂದು ಬಿದ್ದು, ನೀರಿನೊಡನೆ ಬರುವ ಕಲ್ಲನ್ನು ಪುಡಿಮಾಡುತ್ತವೆ. ನುಣ್ಣಗಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಕ್ಯಾಸಿಟರೈಟ್ ಪೆಡಸು, ಅತಿಯಾಗಿ ಕುಟ್ಟಿದರೆ ಕೆಸರಾಗಿ ನೀರಿನೊಡನೆ ಹರಿದುಹೋಗುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕಂಪಿಸುವ ಮೇಜಿನ ಮುಂದೆ. ಮೇಜು ಒಂದು ಬದಿಗೆ ತುಸು ವಾಲಿದೆ, ಮೇಲೆ ಉದ್ದಕ್ಕೂ ತೆಳುವಾದ ಪಟ್ಟಿಗಳಿವೆ. ನೀರು ಹಗುರ ಕಣಗಳನ್ನು ಪಟ್ಟಿಗಳನ್ನು ದಾಟಿಸಿ ಇಳಿಜಾರಿಗೆ ಒಯ್ಯುತ್ತದೆ. ಭಾರದ ಕಣಗಳು ಪಟ್ಟಿಗಳ ನಡುವೆ ಉಳಿದು, ಮೇಜಿನ ಪ್ರತಿ ಜಗ್ಗಿಗೂ ಒಂದಿಷ್ಟು ಮುಂದೆ ಸರಿದು ತುದಿ ಸೇರುತ್ತವೆ. ಬೂದುಬಣ್ಣದ ಮರಳಿನಿಂದ ಕಪ್ಪುಕಂದು ಗೆರೆಯೊಂದು ಬೇರೆಯಾಗುವುದನ್ನು ನೋಡಿದರೆ ಸಾಂದ್ರತೆಯ ಪಾಠ ಮತ್ತೆ ಓದಬೇಕಿಲ್ಲ! ಅದಿರಿನ ಸತ್ವ ಅಳೆಯಲು ಗಣಿಯವರು ಇದನ್ನೇ ಅಗಲವಾದ ಸಲಿಕೆಯಲ್ಲಿ, ಮೊರದಲ್ಲಿ ಕೇರಿದಂತೆ, ಕೈಯಿಂದಲೇ ಮಾಡುತ್ತಿದ್ದರು. ಆ ಕೈಚಳಕ ನನಗೆ ಯಂತ್ರಕ್ಕಿಂತ ದೊಡ್ಡದು.

ಪರೀಕ್ಷೆಯಲ್ಲಿ ಹಲವರು ಬಿಡುವ ಅಂಶವೊಂದಿದೆ. ತವರದ ಅದಿರಿನೊಡನೆ ಬರುವ, ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದ ಖನಿಜ ಆರ್ಸೆನೊಪೈರೈಟ್‌ನ ಸಾಂದ್ರತೆ ಸುಮಾರು 6. ಇಷ್ಟು ಹತ್ತಿರದ ತೂಕವನ್ನು ಮೇಜು ಚೆನ್ನಾಗಿ ಬೇರ್ಪಡಿಸಲಾರದು. ಅದಕ್ಕೇ ಅದಿರನ್ನು ಹುರಿಯುತ್ತಾರೆ. ಗಂಧಕವೂ ಆರ್ಸೆನಿಕ್ಕೂ ಹೊಗೆಯಾಗಿ ಹೋಗಿ ಹಗುರವಾದ ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಕ್ಯಾಸಿಟರೈಟ್ ಮೊದಲೇ ಆಕ್ಸೈಡ್ ಆದ್ದರಿಂದ ಬದಲಾಗುವುದಿಲ್ಲ. ಮತ್ತೆ ತೊಳೆದರೆ ಎರಡೂ ಬೇರೆಯಾಗುತ್ತವೆ. ಹೊಗೆಗೂಡಿನಲ್ಲಿ ಕಟ್ಟಿದ ಬಿಳಿ ಆರ್ಸೆನಿಕ್ ಎಂಬ ವಿಷ ಮಾರಾಟದ ಸರಕಾಗಿತ್ತು. ಅದನ್ನು ಕೆರೆದು ತೆಗೆಯುತ್ತಿದ್ದ ಕೂಲಿಕಾರರಿಗಿದ್ದ ರಕ್ಷಣೆ ಮೂಗಿಗೆ ಹತ್ತಿ, ಮೈಗೆ ಜೇಡಿಮಣ್ಣಿನ ಲೇಪ, ಅಷ್ಟೇ. ಈ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಲೇಬೇಕು.

ಕೊನೆಯದು ಕರಗಿಸುವಿಕೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿದರೂ, ತವರದ ಆಕ್ಸೈಡಿನಿಂದ ಇಂಗಾಲವು ಆಮ್ಲಜನಕವನ್ನು ಕಿತ್ತುಕೊಳ್ಳಲು ಕುಲುಮೆಗೆ ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು.